ಲವೋನ್‌ಳ ಸರದಿ

ಶವ ಸಾಗಿಸುವ ಕಪ್ಪು ಗಾಡಿಯೊಂದು ಬಾಗಿಲ ಮುಂದೆ ಬಂದು ನಿಂತರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದರ ಬಾಗಿಲು ತೆರೆದು ಕೆಂಪು ವೇಸ್ಟ್‌ಕೋಟು, ಬೋ ಟೈ, ಹುಲ್ಲಿನ ಟೋಪಿ ತೊಟ್ಟ ನಾಲ್ವರು ಧಡಿಯರು ಒಬ್ಬರ ಹಿಂದೊಬ್ಬರು ಇಳಿದು ಸಾಲಾಗಿ ನಿಂತರೆ ಆ ಮನೆಯವರ ಮುಖ ಏನಾಗುತ್ತದೆಂದು ನೋಡುವುದಕ್ಕಾದರೂ ನೀವು ವ್ಯಾಲೆಂಟೈನ್ ದಿನ ನಮ್ಮೂರು ಹಾರ್ಲನ್ ಕ್ರಾಸಿಂಗ್‌ಗೆ ಬರಬೇಕು. ಹೆಂಡತಿಗೆ ಗಂಡ, ಗಂಡನಿಗೆ ಹೆಂಡತಿ, ಹುಡುಗಿಗೆ ಹುಡುಗ, ಯಾರು ಯಾರಿಗೆ ಕಳಿಸಿದರೂ ಸರಿ, ನಾವು ಹೋಗಿ ಎರಡು ಹಾಡು ಹಾಡುತ್ತೇವೆ, ಒಂದು ಗುಲಾಬಿ ಕೊಡುತ್ತೇವೆ, ಮುಂದಿನ ಬಾಗಿಲಿಗೆ ಓಡುತ್ತೇವೆ. ಹಾಡಿಸಿಕೊಳ್ಳುವವರಿಗೆ ಮೊದಲೇ ಗೊತ್ತಿರಬಾರದು. ಮಜಾ ಇರುವುದೇ ಅದರಲ್ಲಿ.

ಗಾಡಿ ಗಸ್ ಕಿಟಲ್ಸನ್‌ದು. ಊರಲ್ಲಿ ಯಾರು ಸತ್ತರೂ ತೊಳೆದು, ಕೋಟು ಹಾಕಿ, ಮಣ್ಣಿಗೆ ಕಳಿಸುವವನು ಅವನೇ. ನಮ್ಮ ತಂಡದಲ್ಲಿ ಎಲ್ಲರಿಗಿಂತ ಕೆಳಗಿನ ದನಿ, ಅಂದರೆ ಬಾಸ್ ಹಾಡುವವನೂ ಅವನೇ. ದನಿ ನೆಲದ ಕೆಳಗಿನಿಂದ ಬಂದಂತಿರುವುದಕ್ಕೂ ತನ್ನ ಕಸುಬಿಗೂ ಸಂಬಂಧವಿಲ್ಲ ಎಂದು ಅವನು ಹೇಳುತ್ತಾನೆ. ಮೇಲಿನ ಸಣ್ಣ ದನಿ, ಟೆನರ್, ಕ್ಲೆಮ್ ವೊಯ್ಟಾನದು. ಶಾಲೆಯಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ಆ ದಿನ ಮಾತ್ರ ತಪ್ಪದೆ ರಜೆ. ನಾನು ಮಾರ್ವ್ ಪಾಗೆಲ್, ಮಾಂಸದ ಅಂಗಡಿಯವನು. ನನ್ನದು ಲೀಡ್. ಹಾಡಿನ ರಾಗ ನನ್ನ ಬಾಯಲ್ಲಿ, ಚಪ್ಪಾಳೆಯ ದೊಡ್ಡ ಪಾಲೂ ನನಗೆ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ ಬಿಡಿ.

ನಾಲ್ಕನೆಯವನು ಎಲ್ಡನ್ ಸ್ವೊಬೋಡಾ, ಬ್ಯಾರಿಟೋನ್. ಬ್ಯಾರಿಟೋನ್ ಅಂದರೆ, ನಾವು ಮೂವರೂ ನಮಗೆ ಬೇಕಾದ ಸ್ವರ ಬಡಿಸಿಕೊಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದು ಅವನಿಗೆ. ಒಂದು ಸ್ವರ ಮೇಲೆ, ಮುಂದಿನದು ಎಲ್ಲೋ ಕೆಳಗೆ, ಆಮೇಲೆ ಅಲ್ಲೇ ಕೂತು ಅದನ್ನೇ ಎಳೆಯುವುದು. ಅವನೊಬ್ಬನೇ ಹಾಡಿದರೆ ಅದು ಯಾವ ಹಾಡೆಂದು ಹಾಡು ಕಟ್ಟಿದವನಿಗೂ ತಿಳಿಯುವುದಿಲ್ಲ. ಆದರೆ ಅವನಿಲ್ಲದೆ ನಾವು ಮೂವರು ಹಾಡಿದರೆ ಉಪ್ಪು ಹಾಕದ ಸಾರು. ನಾಲ್ಕೂ ಸರಿಯಾಗಿ ಕೂತಾಗ ಮಾತ್ರ ನಮ್ಮ ತಲೆಯ ಮೇಲೆಲ್ಲೋ ಐದನೆಯದೊಂದು ದನಿ ಕೇಳಿಸುತ್ತದೆ, ಯಾರೂ ಹಾಡದ ದನಿ. ನಾವು ಇಷ್ಟೆಲ್ಲ ಕುಣಿಯುವುದು ಅದಕ್ಕೋಸ್ಕರವೇ. ಲೀಡ್ ಹಾಡುವವರು ಬೀದಿಗೊಬ್ಬರು ಸಿಗುತ್ತಾರೆ, ಒಳ್ಳೆಯ ಬ್ಯಾರಿಟೋನ್ ಬೇಕೆಂದರೆ ಮೂರು ಜಿಲ್ಲೆ ಅಲೆಯಬೇಕು.

ನಮ್ಮಲ್ಲೊಂದು ಪದ್ಧತಿ ಇದೆ. ಊರವರದ್ದು ಮೊದಲು, ನಮ್ಮ ಮನೆಯವರದ್ದು ಕೊನೆಗೆ. ಗಸ್‌ನ ಅಪ್ಪನ ಕಾಲದಿಂದ ಬಂದದ್ದು, ಮುರಿಯಲು ಗಸ್ ಬಿಡುವುದಿಲ್ಲ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಕ್ಲೆಮ್‌ಗೆ ಮದುವೆಯೇ ಆಗಿಲ್ಲ, ನನ್ನ ಡೋರೀನ್ “ದಿನಾ ಕೇಳ್ತೀನಲ್ಲ, ಅದೊಂದಿನ ಆದ್ರೂ ಬಿಟ್ಬಿಡು ಮಾರಾಯ” ಎನ್ನುತ್ತಾಳೆ. ಉಳಿದವಳು ಎಲ್ಡನ್‌ನ ಹೆಂಡತಿ ಲವೋನ್ ಒಬ್ಬಳೇ. ಪ್ರತಿ ವರ್ಷವೂ ಅವಳ ಸರದಿ ಬರುವ ಹೊತ್ತಿಗೆ ಏನಾದರೊಂದು ವಿಘ್ನ. ಒಂದು ವರ್ಷ ಕ್ಲೆಮ್‌ಗೆ ಜ್ವರ ಏರಿತು, ಒಂದು ವರ್ಷ ಗಸ್‌ಗೆ ಹೆಣ ಬಂತು, ಇನ್ನೆಷ್ಟೋ ವರ್ಷ ಅವಳೇ ಸಿಗಲಿಲ್ಲ. ಅವಳು ಜಿಲ್ಲೆಯ ರಸ್ತೆಗಳಲ್ಲಿ ಹಿಮ ಗೋರುವ ಲಾರಿ ಓಡಿಸುವವಳು. ಹಿಮ ಬಿತ್ತೆಂದರೆ ಮನೆಯಲ್ಲಿ ಇರುವುದಿಲ್ಲ. ಮೊದಮೊದಲು ಜಗಳವಾಡುತ್ತಿದ್ದಳು. ಆಮೇಲೆ “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ನಮ್ಮೆಲ್ಲರನ್ನೂ ಸೇರಿಸಿ ಹಂಗಿಸುತ್ತಿದ್ದಳು. ಈಗ ಕೆಲವು ವರ್ಷಗಳಿಂದ ಏನೂ ಹೇಳುತ್ತಿರಲಿಲ್ಲ. ಎಲ್ಡನ್‌ಗೆ ಚುಚ್ಚಿದ್ದು ಅದು.

ಹೋದ ವರ್ಷ ಎಲೆ ಉದುರುವ ಹೊತ್ತಿಗೆ ನಮ್ಮೂರ ಕಾಗದದ ಗಿರಣಿ ಮುಚ್ಚಿತು. ಎಲ್ಡನ್ ಮನೆಯಲ್ಲಿ ಕೂತ, ಲವೋನ್ ಎರಡೆರಡು ಪಾಳಿ ದುಡಿಯತೊಡಗಿದಳು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ವಾರ ನನ್ನ ಅಂಗಡಿಯ ಹಿಂದಿನ ಕೋಣೆಗೆ ಅಭ್ಯಾಸಕ್ಕೆ ಬಂದವನು ಕೂರಲೇ ಇಲ್ಲ.

“ಈ ವರ್ಷ ಲವೋನ್‌ಗೆ ಹಾಡ್ತೀವಿ,” ಎಂದ. “ಹಳೇ ಹಾಡಲ್ಲ, ಅವಳಿಗೇ ಅಂತ ಮಾಡಿದ್ದು. ಕ್ಲೆಮ್, ನೀನು ಕಟ್ಟಿಕೊಡ್ತೀಯ. ಈ ಸಲಾನೂ ಆಗಲಿಲ್ವೋ, ನನ್ನ ವೇಸ್ಟ್‌ಕೋಟು ತಗೊಂಡು ಯಾರಿಗಾದ್ರೂ ಕೊಟ್ಬಿಡಿ. ನಾನಿನ್ನು ಬರಲ್ಲ.”

“ಏನೋ, ಹೆದರಿಸ್ತೀಯಾ?” ಎಂದೆ.

“ಹೆದರಿಸ್ತಿಲ್ಲ ಮಾರ್ವ್. ಅವಳು ದುಡೀತಾಳೆ, ನಾನು ತಿಂತೀನಿ. ಅವಳಿಗೆ ಕೊಡೋಕೆ ನನ್ನ ಹತ್ರ ಉಳಿದಿರೋದು ಇದೊಂದು ಗಂಟಲು. ಅದನ್ನೂ ಊರವರಿಗೇ ಹಂಚಿ ಖಾಲಿ ಮಾಡಿಕೊಂಡು ಮನೆಗೆ ಹೋದ್ರೆ ನಾನೆಂಥಾ ಗಂಡ, ನೀನೇ ಹೇಳು.”

ಗಸ್ ಪದ್ಧತಿಯ ಮಾತೆತ್ತಲು ಬಾಯಿ ತೆರೆದ, ನಾನು ಅವನ ಕಾಲು ತುಳಿದೆ.

ಕ್ಲೆಮ್ ಹಾಡು ಕಟ್ಟಿದ. ಊರಿಗೆಲ್ಲ ದಾರಿ ಬಿಡಿಸುವವಳೇ, ನನ್ನ ಬಾಗಿಲ ಹಿಮವನ್ನೂ ಒಂದಿಷ್ಟು ನೋಡು, ನಾನು ಒಳಗೇ ಇದ್ದೇನೆ ಎನ್ನುವಂಥ ಮಾತುಗಳು. ಕೇಳಿದರೆ ಮೊದಲು ನಗು ಬರಬೇಕು, ಮೂರನೇ ಸಾಲಿಗೆ ಕಣ್ಣು ಒದ್ದೆಯಾಗಬೇಕು, ಅಂಥ ರಾಗ. ರಸಾಯನಶಾಸ್ತ್ರದವನಿಗೆ ಇದೆಲ್ಲಿಂದ ಬಂತೋ ದೇವರಿಗೇ ಗೊತ್ತು. ಲವೋನ್‌ಗೆ ಸುಳಿವು ಹತ್ತಬಾರದೆಂದು ನಾನೊಂದು ಕಟ್ಟಪ್ಪಣೆ ಮಾಡಿದೆ. ಹಾಡುವುದೇನಿದ್ದರೂ ನನ್ನ ಅಂಗಡಿಯ ಹಿಂದೆ, ಮನೆಯಲ್ಲಿ ಯಾರೂ ಅದನ್ನು ಗುನುಗಲೂ ಕೂಡದು. ಎಲ್ಲರೂ ತಲೆ ಆಡಿಸಿದರು.

ವ್ಯಾಲೆಂಟೈನ್ ದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇತ್ತು. ಹಿಮ ಬೀಳುವುದೇನಿದ್ದರೂ ಕತ್ತಲಾದ ಮೇಲೆ ಎಂದಿತು ರೇಡಿಯೋ. ಮಧ್ಯಾಹ್ನ ಲವೋನ್ ಪಾಳಿ ಮುಗಿಸಿ ಲಾರಿಗಳ ಗ್ಯಾರೇಜಿಗೆ ಬರುವ ಹೊತ್ತಿಗೆ ನಾವು ಅಲ್ಲಿ ನಿಂತಿರಬೇಕು, ಅಷ್ಟರೊಳಗೆ ಊರವರದ್ದೆಲ್ಲ ಮುಗಿಸಬೇಕು. ಎಲ್ಡನ್ ಮದುವೆ ಗಂಡಿನ ಹಾಗೆ ಗಡ್ಡ ನುಣ್ಣಗೆ ಹೆರೆಸಿಕೊಂಡು ಬಂದಿದ್ದ. ಗಾಡಿಯಲ್ಲಿ ಕೂತಲ್ಲಿ ಕೂರಲಾರ, ಕಾಲು ಕುಣಿಸುತ್ತಾನೆ, ಟೈ ಬಿಚ್ಚಿ ಕಟ್ಟುತ್ತಾನೆ.

ಮೊದಲು ಚೀಸ್ ಕಾರ್ಖಾನೆ. ಪ್ಯಾಕಿಂಗ್ ಸಾಲಿನಲ್ಲಿ ಮರದ ಬೊಡ್ಡೆಯಂಥ ಆಳೊಬ್ಬ, ತಲೆಗೂ ಗಡ್ಡಕ್ಕೂ ಬಲೆ ಹಾಕಿಕೊಂಡು ನಿಂತಿದ್ದ. ಗಸ್‌ನ ಮುಖ ಕಂಡದ್ದೇ ತಡ, ಕೈಯಲ್ಲಿದ್ದ ಚೀಸಿನ ಗಡ್ಡೆ ಕೆಳಗೆ ಬಿತ್ತು.

“ಯಾರು ಹೋದ್ರು ಗಸ್? ಅಮ್ಮನಾ?”

“ಯಾರೂ ಹೋಗಿಲ್ಲ ಕಣಪ್ಪ. ನಿನ್ನ ಹೆಂಡತಿ ಕಳಿಸಿದಾಳೆ ನಮ್ಮನ್ನ.”

“ಹೆಂಡತಿ ಯಾಕೆ ಕಳಿಸ್ತಾಳೆ? ಅವಳಿಗೇನಾಯ್ತು?”

ಇನ್ನು ಗಸ್‌ನ ಕೈಗೆ ಬಿಟ್ಟರೆ ಅಲ್ಲೇ ಒಂದು ಹೆಣ ಬೀಳುತ್ತದೆಂದು ನಾನು ಶ್ರುತಿಯ ಪೀಪಿ ಊದಿಬಿಟ್ಟೆ. ಹಾಡು ಶುರುವಾಯಿತು. ಆ ಬೊಡ್ಡೆ ಮೊದಲು ಕೆಂಪಾಯಿತು, ಆಮೇಲೆ ಸುತ್ತಲಿನವರು ಸಿಳ್ಳೆ ಹಾಕತೊಡಗಿದಾಗ ಇನ್ನೂ ಕೆಂಪಾಯಿತು, ಕೊನೆಗೆ ಗಡ್ಡದ ಬಲೆಯೊಳಗೆ ಕಣ್ಣೀರು ಇಳಿಯಿತು. ಗುಲಾಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ನಿನ್ನೆ ತಾನೇ ಅವಳ ಮೇಲೆ ಕೂಗಾಡಿದ್ನಲ್ಲೋ” ಎಂದ. ಎಲ್ಡನ್ ಅವನ ಬೆನ್ನು ತಟ್ಟಿ, “ಮನೆಗೆ ಹೋಗಿ ಪಾತ್ರೆ ತೊಳಿ, ಸರಿಹೋಗತ್ತೆ” ಎಂದ.

ಅಲ್ಲಿಂದ ಹಲ್ಲಿನ ಡಾಕ್ಟರ ಬಳಿ. ಹಾಡಿಸಿಕೊಳ್ಳಬೇಕಾದ ಹುಡುಗಿ ಕುರ್ಚಿಯಲ್ಲಿ ಮಲಗಿದ್ದಳು. ಅರ್ಧ ಬಾಯಿ ಮರಗಟ್ಟಿತ್ತು, ಉಳಿದರ್ಧ ನಗುತ್ತಿತ್ತು. ನಮ್ಮನ್ನು ಕಳಿಸಿದ ಹುಡುಗನ ಹೆಸರು ಹೇಳಿದೆವು. ಅವಳು ಏನೋ ಅಂದಳು, “ಹೂಂ” ಅಂದಳೋ “ಉಹೂಂ” ಅಂದಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಡಾಕ್ಟರು ಮಾತ್ರ ಕೊರೆಯುವ ಯಂತ್ರ ಕೈಯಲ್ಲಿ ಹಿಡಿದೇ ತಾಳ ಹಾಕಿದರು.

ಆಮೇಲೆ ಪುಟ್ಟ ಮಕ್ಕಳ ಶಾಲೆ. ಟೀಚರಮ್ಮನಿಗೆ ಅವಳ ಗಂಡ ಕಳಿಸಿದ್ದು. ಮಕ್ಕಳು ನೆಲದ ಮೇಲೆ ಕೂತು ಬಾಯಿ ತೆರೆದುಕೊಂಡು ಕೇಳಿದವು. ಮುಗಿದ ತಕ್ಷಣ ಒಂದು, “ಮತ್ತೆ” ಎಂದಿತು. ಆಮೇಲೆ ಇಡೀ ಕೋಣೆ “ಮತ್ತೆ, ಮತ್ತೆ” ಎಂದು ನೆಲ ಬಡಿಯತೊಡಗಿತು. ಮಕ್ಕಳಿಗೆ ಇಲ್ಲ ಅನ್ನುವುದು ಹೇಗೆ? ಮತ್ತೆ ಹಾಡಿದೆವು. ಮತ್ತೊಮ್ಮೆಯೂ ಹಾಡಿದೆವು. ಆ ಮೂರನೇ ಸಲ ನನ್ನ ಎಡಗಿವಿಯ ಪಕ್ಕದಲ್ಲಿ ಎಲ್ಡನ್‌ನ ದನಿ ಗರಗಸ ತಾಗಿದಂತೆ ಒರಟಾಯಿತು.

“ಏನೋ ಅದು?” ಎಂದೆ, ಗಾಡಿ ಹತ್ತುವಾಗ.

“ಏನಿಲ್ಲ. ಕಫ.”

“ಕಫ ಅಂತೆ ಕಫ. ಬಾಯಿ ಮುಚ್ಕೊಂಡು ಕೂತ್ಕೋ. ಲವೋನ್ ಎದುರಿಗೆ ನಿಲ್ಲೋವರೆಗೂ ಒಂದು ಮಾತು ಆಡಿದ್ರೆ ನೋಡು.”

ಗಸ್ ಜೇನು ಹಾಕಿದ ಚಹಾ ಕುಡಿಸಿದ. ಕ್ಲೆಮ್ ಉಪ್ಪುನೀರು, ಉಗಿ, ಸ್ವರತಂತು ಎಂದು ಪಾಠ ಶುರುಮಾಡಿದ, ನಾನು ಅವನನ್ನೂ ಸುಮ್ಮನಾಗಿಸಿದೆ. ಬ್ಯಾಂಕಿನಲ್ಲಿ ಎಲ್ಡನ್ ಅರ್ಧ ದನಿಯಲ್ಲಿ ಹಾಡಿದ, ಹೇಗೋ ದಾಟಿತು. ಉಳಿದದ್ದು ಬೌಲಿಂಗ್ ಆಡುವ ಜಾಗ ಒಂದೇ. ಅಲ್ಲಿನ ಮುದುಕ, ಅಡಿಗೆಮನೆಯಲ್ಲಿ ಮೀನು ಕರಿಯುವ ತನ್ನ ಹೆಂಡತಿಗೆ ಹಾಡಿಸಬೇಕೆಂದು ಕ್ರಿಸ್‌ಮಸ್‌ಗೂ ಮೊದಲೇ ಬಂದು ಹೇಳಿಹೋಗಿದ್ದ.

“ಇದನ್ನ ಬಿಡೋಣ,” ಎಂದೆ ನಾನು. “ನಾಳೆ ಬಂದು ಹಾಡ್ತೀವಿ ಅಂತ ಹೇಳಿದ್ರೆ ಅವನೇನು ಸಾಯಲ್ಲ.”

ಗಸ್ ನನ್ನತ್ತ ನೋಡಿ, “ಆ ಮಾತು ನನ್ನ ಮುಂದೆ ಆಡಬೇಡ” ಎಂದ.

ಎಲ್ಡನ್ ತಲೆ ಅಲ್ಲಾಡಿಸಿದ. ಗಾಡಿಯ ಬಾಗಿಲು ತೆರೆದು ಅವನೇ ಮೊದಲು ಇಳಿದ. ಕರಿದ ಎಣ್ಣೆಯ ಹೊಗೆ ತುಂಬಿದ ಆ ಅಡಿಗೆಮನೆಯಲ್ಲಿ, ಹಿಟ್ಟು ಮೆತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು ನಿಂತ ಆ ಮುದುಕಿಯ ಎದುರು, ಅವನು ಅರ್ಧ ದನಿ ಗಿರ್ಧ ದನಿ ಎಲ್ಲ ಮರೆತ. ಪೂರ್ತಿ ಹಾಡಿದ. ಅವತ್ತು ನಾವು ಹಾಡಿದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು, ಐದನೆಯ ದನಿ ಬಾಣಲೆಗಳ ಮೇಲೆ ಗುಂಯ್ ಎಂದಿತು. ಮುದುಕಿ ಗಂಡನ ಕೆನ್ನೆಗೆ ಹಿಟ್ಟಿನ ಕೈಯಿಂದಲೇ ಒಂದು ತಟ್ಟಿ, “ಇಷ್ಟು ವರ್ಷ ಆದ್ಮೇಲೆ ಈಗೇನೋ ನಿನಗೆ ಹುಚ್ಚು” ಎಂದು ಅವನ ಎದೆಗೆ ಮುಖ ಒತ್ತಿಕೊಂಡಳು. ಕೊನೆಯ ಸ್ವರ ಮುಗಿದಾಗ ಎಲ್ಡನ್ ಗಂಟಲು ಹಿಡಿದುಕೊಂಡ. ಹೊರಗೆ ಬಂದು ಬಾಯಿ ತೆರೆದ, ಚಕ್ರದಿಂದ ಗಾಳಿ ಹೋದಂತೆ ಸುಯ್ ಎಂದಿತು, ಅಷ್ಟೇ.

ಹೊರಗೆ ಆಕಾಶವೂ ಇರಲಿಲ್ಲ. ಹಿಮ ಕತ್ತಲಿಗೆ ಕಾಯದೆ ಬಂದೇಬಿಟ್ಟಿತ್ತು, ಅದೂ ಅಡ್ಡಡ್ಡ. ನಾನು ಲಾರಿಗಳ ಗ್ಯಾರೇಜಿಗೆ ಫೋನ್ ಮಾಡಿದೆ. ಅಲ್ಲಿ ರೇಡಿಯೋ ಮುಂದೆ ಕೂರುವವಳು ಬೆವ್.

“ಲವೋನ್ ಬಂದ್ಲಾ?”

“ಎಲ್ಲಿ ಬರ್ತಾಳೆ ಮಾರ್ವ್, ಈ ಹವಾ ನೋಡಿದೀಯ ತಾನೇ. ಯಾರನ್ನೂ ಬಿಟ್ಟಿಲ್ಲ. ಅವಳನ್ನ ಕೆರೆ ರಸ್ತೆಗೆ ಹಾಕಿದೀವಿ. ರಾತ್ರಿ ಎಷ್ಟೊತ್ತಿಗೋ ಏನೋ.”

“ಕೆರೆ ರಸ್ತೇಲಿ ಈಗ ಎಲ್ಲಿದಾಳೆ?”

“ನೀನ್ಯಾಕೆ ಕೇಳ್ತೀಯ? ಮನೇಲಿರು. ಯಾರೂ ಹೊರಗೆ ಬರಬೇಡಿ ಅಂತ ಆಗ್ಲಿಂದ ಗಂಟಲು ಹರ್ಕೋತಿದೀನಿ.”

“ನಿನಗಾದ್ರೂ ಇದೆಯಲ್ಲ ಗಂಟಲು” ಎಂದು ಫೋನ್ ಇಟ್ಟೆ. “ಹತ್ರೋ ಎಲ್ಲರೂ. ಕೆರೆ ರಸ್ತೆ.”

ಗಸ್ ಓಡಿಸಿದ. ಗಸ್‌ಗೆ ನಿಧಾನವಾಗಿ ಓಡಿಸಿ ಅಭ್ಯಾಸ, ಅವನ ಗಿರಾಕಿಗಳಿಗೆ ಅವಸರ ಇರುವುದಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಿಂದೆ ಎಲ್ಡನ್ ಒಂದೇ ಸಮನೆ ಗಂಟಲು ಪರೀಕ್ಷೆ ಮಾಡುತ್ತಿದ್ದ. ಸುಯ್. ಸುಯ್. ಕೊನೆಗೆ ನನ್ನ ತೋಳು ಹಿಡಿದು ಜಗ್ಗಿದ.

“ವಾಪಸ್ ತಿರುಗಿಸೋಕೆ ಹೇಳು,” ಎಂದ. ಪಿಸುಮಾತು, ಅದೂ ಒಡೆದದ್ದು. “ಆಗಲ್ಲ.”

“ಆಗತ್ತೆ. ನಾವು ಮೂವರು ಹಾಡ್ತೀವಿ, ನೀನು ಪಕ್ಕದಲ್ಲಿ ನಿಂತ್ಕೋ.”

“ಅದು ನೀವು ಹಾಡಿದ ಹಾಗಾಯ್ತು. ನಾನು ಹಾಡಿದ ಹಾಗಲ್ಲ.” ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. “ಈ ಸಲಾನೂ ಅವಳಿಗೆ ಅಂತ ಏನೂ ಉಳಿಸಲಿಲ್ಲ ನಾನು.”

ಕ್ಲೆಮ್‌ಗಾದರೂ ಸುಮ್ಮನಿರುವ ಬುದ್ಧಿ ಬೇಡವೇ. “ಮೂರೇ ಸ್ವರ ಇಟ್ಕೊಂಡ್ರೆ ಈ ಹಾಡು ನಿಲ್ಲಲ್ಲ ಮಾರ್ವ್. ಅರ್ಧಕ್ಕರ್ಧ ಬ್ಯಾರಿಟೋನ್ ಮೇಲೇ ಕಟ್ಟಿದೀನಿ, ಎಲ್ಡನ್ ಹಾಡು ಅಂತ,” ಎಂದ.

ಆಗ ನೋಡುತ್ತೇನೆ, ಎಲ್ಡನ್ ತನ್ನ ಕೆಂಪು ವೇಸ್ಟ್‌ಕೋಟಿನ ಗುಂಡಿ ಬಿಚ್ಚುತ್ತಿದ್ದಾನೆ. ಅವಸರವಿಲ್ಲದೆ, ಒಂದೊಂದಾಗಿ. ಅವನು ಹೆದರಿಸುವುದಕ್ಕೆ ಹೇಳಿರಲಿಲ್ಲ ಎಂದು ಆಗ ನನಗೆ ಪೂರಾ ಅರ್ಥವಾಯಿತು.

“ಆ ಗುಂಡಿ ಮುಟ್ಟಿದ್ರೆ ಕೈ ಮುರೀತೀನಿ,” ಎಂದೆ. “ಗಸ್, ನಿಲ್ಸು ಗಾಡಿ. ಇಳಿ. ನಾನು ಓಡಿಸ್ತೀನಿ.”

ನಾನು ಓಡಿಸಿದೆ. ಕೊಪೆಕಿಯವರ ಹೊಲದ ತಿರುವಿನವರೆಗೆ ಬಹಳ ಚೆನ್ನಾಗಿಯೇ ಓಡಿಸಿದೆ. ಅಲ್ಲಿ ಗಾಡಿ ನನ್ನ ಮಾತು ಕೇಳುವುದನ್ನು ಬಿಟ್ಟು, ಮೆಲ್ಲಗೆ ಅಡ್ಡವಾಗಿ ಜಾರಿ, ರಸ್ತೆ ಬದಿಯ ಗುಂಡಿಗೆ ಮೂಗು ಚುಚ್ಚಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ನಾಲ್ವರೂ ಮೊಣಕಾಲುದ್ದ ಹಿಮದಲ್ಲಿ ಇಳಿದು ತಳ್ಳಿದೆವು, ಅದು ಅಲುಗಲಿಲ್ಲ. ಹುಲ್ಲಿನ ಟೋಪಿ ಚಳಿಗೆ ಏನೂ ಮಾಡುವುದಿಲ್ಲ ಎನ್ನುವುದು ಬೇರೆ ಮಾತು.

“ಅಪ್ಪನ ಕಾಲದಿಂದ ಈ ಗಾಡಿ ಒಂದು ಸಲಾನೂ ಗುಂಡಿಗೆ ಬಿದ್ದಿರಲಿಲ್ಲ,” ಎಂದ ಗಸ್.

“ಗುಂಡಿಗೆ ಕಳಿಸೋದೇ ಅದರ ಕೆಲಸ ಅಲ್ವೇನೋ,” ಎಂದೆ. ನನಗೇ ನಗು ಬರಲಿಲ್ಲ.

ಅಷ್ಟರಲ್ಲಿ ಕ್ಲೆಮ್ ಕೈ ಎತ್ತಿ ತೋರಿಸಿದ. ಬಿಳಿಯ ನಡುವೆ ಕಿತ್ತಳೆ ದೀಪವೊಂದು ತಿರುಗುತ್ತ ಬರುತ್ತಿತ್ತು. ಅದರ ಕೆಳಗೆ ಮನೆಯಷ್ಟು ದೊಡ್ಡ ಲಾರಿ, ಮುಂದಿನ ಗೋರುಹಲಗೆಯಿಂದ ಹಿಮ ಅಲೆಯಾಗಿ ಪಕ್ಕಕ್ಕೆ ಹಾರುತ್ತಿತ್ತು. ನೆಲ ನಡುಗಿಸುತ್ತ ಬಂದು ನಮ್ಮ ಪಕ್ಕಕ್ಕೇ ನಿಂತಿತು. ಕಿಟಕಿ ಇಳಿಯಿತು. ಕಿತ್ತಳೆ ಜಾಕೆಟು, ಕಿವಿ ಮುಚ್ಚಿದ ಟೋಪಿ, ಕೈಯಲ್ಲಿ ರೇಡಿಯೋದ ಮೈಕು, ಲವೋನ್ ಸ್ವೊಬೋಡಾ.

“ಬೆವ್, ಕೊಪೆಕಿ ತಿರುವಲ್ಲಿ ಗಾಡಿಯೊಂದು ಗುಂಡಿಗೆ ಬಿದ್ದಿದೆ,” ಎನ್ನುತ್ತಿದ್ದವಳು ನಮ್ಮ ಬಟ್ಟೆ ನೋಡಿ ಅಲ್ಲೇ ನಿಲ್ಲಿಸಿದಳು. “ಗಸ್? ಈ ಹವಾದಲ್ಲಿ ಯಾರನ್ನ ಹೂಳೋಕೆ ಹೊರಟಿದ್ದೆ?”

“ಮಾರ್ವ್ ಓಡಿಸ್ತಿದ್ದ,” ಎಂದ ಗಸ್.

“ಹಾಗಾದ್ರೆ ನಾಲ್ಕು ಜನರನ್ನೂ ಹೂಳೋಕೆ.” ಆಮೇಲೆ ಅವಳ ಕಣ್ಣು ಗಂಡನ ಮೇಲೆ ಬಿತ್ತು. “ಎಲ್ಡನ್. ತಲೆಗೆ ಟೋಪಿ ಹಾಕ್ಕೋ. ಅದಲ್ಲ, ನಿಜವಾದ ಟೋಪಿ.”

ಎಲ್ಡನ್ ಬಾಯಿ ತೆರೆದ. ಏನೂ ಬರಲಿಲ್ಲ.

“ಗಂಟಲು ಹೋಗಿದೆ,” ಎಂದೆ ನಾನು.

“ಊರಿಗೆಲ್ಲ ಕೊಟ್ಟು ಮುಗಿಸಿದ್ನಾ,” ಎಂದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾಸಿಯಿತ್ತು. “ಇರಿ, ಸರಪಳಿ ತರ್ತೀನಿ.”

“ಸರಪಳಿ ಆಮೇಲೆ. ಕೂತಲ್ಲೇ ಕೂತಿರು ಲವೋನ್. ನಿನಗೊಂದು ಹಾಡಿದೆ.”

ಬಾಗಿಲಿನ ಹಿಡಿಯ ಮೇಲಿದ್ದ ಅವಳ ಕೈ ಹಾಗೇ ನಿಂತಿತು.

ಲಾರಿಯ ದೀಪದ ಬೆಳಕಿನಲ್ಲಿ ಸಾಲಾಗಿ ನಿಂತೆವು. ಎಲ್ಡನ್ ಬರಲೊಲ್ಲ, ನಾನು ರಟ್ಟೆ ಹಿಡಿದು ಅವನ ಜಾಗಕ್ಕೆ ಎಳೆದು ನಿಲ್ಲಿಸಿದೆ. ಪೀಪಿ ತುಟಿಗೆ ಅಂಟಿಕೊಂಡಿತು, ಕಿತ್ತುಕೊಂಡು ಊದಿದೆ. ಶುರುಮಾಡಿದೆವು. ಎಲ್ಡನ್ ಪಕ್ಕದಲ್ಲಿ ತುಟಿ ಆಡಿಸುತ್ತಿದ್ದ, ಉಗಿ ಮಾತ್ರ ಬರುತ್ತಿತ್ತು. ಮೊದಲ ಸಾಲು ಹಲ್ಲು ಬಿದ್ದ ಬಾಯಿಯ ಹಾಗೆ ಕೇಳಿಸಿತು. ನನಗೆ ನಾಚಿಕೆಯಾಯಿತು, ಆದರೆ ನಿಲ್ಲಿಸುವವನು ನಾನಲ್ಲ. ಮೇಲೆ ಲವೋನ್ ನಮ್ಮನ್ನು ನೋಡುತ್ತಿರಲಿಲ್ಲ, ಎಲ್ಡನ್‌ನ ತುಟಿಯನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಗಂಟಾಗಿತ್ತು.

ಎರಡನೆಯ ಸಾಲಿಗೆ ಮೇಲಿನಿಂದ ಒಂದು ದನಿ ಬಂತು.

ತಗ್ಗಿನ, ಒರಟು, ಸಂಕೋಚದ ದನಿ. ಮಾತುಗಳಿಲ್ಲ, ಬರೀ ಉಂ ಉಂ. ರಾಗ ಹಿಡಿದು ಜೊತೆಗೂಡುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಎಲ್ಲರೂ ಮಾಡುವುದು ಅದನ್ನೇ. ಇವಳು ರಾಗದ ಹತ್ತಿರವೂ ಸುಳಿಯಲಿಲ್ಲ. ಒಂದು ಸ್ವರ ಮೇಲೆ, ಮುಂದಿನದು ಎಲ್ಲೋ ಕೆಳಗೆ, ಆಮೇಲೆ ಅಲ್ಲೇ ಕೂತು ಅದನ್ನೇ ಎಳೆಯುವುದು. ಎಲ್ಡನ್‌ನ ಸ್ವರಗಳು. ಒಂದೂ ತಪ್ಪದೆ, ಎಲ್ಲಿ ಹಳ್ಳವಿತ್ತೋ ಅಲ್ಲೇ ಬಂದು ಕೂತವು. ಕ್ಲೆಮ್‌ನ ಕಣ್ಣು ಕಪ್ಪೆಯ ಕಣ್ಣಿನಂತಾಯಿತು. ಗಸ್ ನನ್ನ ಕೈ ಹಿಡಿದುಕೊಂಡ, ಹಾಗೆ ಅವನೆಂದೂ ಹಿಡಿದವನಲ್ಲ. ಮೂರನೇ ಸಾಲು ಏರಿದಾಗ ಆ ಹಿಮದ ಗಾಳಿಯಲ್ಲಿ, ಗುರುಗುಟ್ಟುವ ಇಂಜಿನ್ನಿನ ಮೇಲೆ, ಐದನೆಯ ದನಿ ಬಂದುಬಿಟ್ಟಿತು. ನನ್ನ ಮೈಯ ಕೂದಲೆಲ್ಲ ಎದ್ದು ನಿಂತವು. ನಾನು ಅಳುತ್ತಲೇ ಹಾಡಿದೆ, ಅಳುತ್ತಲೇ ಮುಗಿಸಿದೆ.

ಲವೋನ್ ಕಿಟಕಿಯಿಂದ ಹೊರಗೆ ಬಗ್ಗಿದಳು.

“ಇದಾ?” ಎಂದಳು ಲವೋನ್. “ಚಳಿಗಾಲ ಪೂರ್ತಿ ನೀನು ನೆಲಮಾಳಿಗೇಲಿ ಮಾಡ್ತಿದ್ದದ್ದು ಇದಾ ಎಲ್ಡನ್?”

ನಾನು ಅವನ ಕಡೆ ತಿರುಗಿದೆ. “ಮನೇಲಿ ಗುನುಗಬೇಡ ಅಂದಿದ್ದೆನಲ್ಲೋ.”

“ಬರೀ ಬ್ಯಾರಿಟೋನು,” ಎಂದು ಅವನು ಪಿಸುಗುಟ್ಟಿದ. “ಅದನ್ನ ಕೇಳಿ ಯಾರಿಗೆ ಗೊತ್ತಾಗತ್ತೆ ಅಂದ್ಕೊಂಡೆ.”

“ಗೊತ್ತಾಗಲಿಲ್ಲ,” ಎಂದಳು ಅವಳು. “ಹಾಡು ಅಂತಲೇ ಗೊತ್ತಾಗಲಿಲ್ಲ. ಮುಂಚೆ ಎಲ್ಲ ಮನೆ ಹಾರಿಹೋಗೋ ಹಾಗೆ ಒದರ್ತಿದ್ದೋನು, ಈಗ ಊಟ ಆದ್ಮೇಲೆ ಬಾಗಿಲು ಹಾಕ್ಕೊಂಡು ಕೆಳಗಿಳಿದು ಹೋಗ್ತಿದ್ದೆ. ಮನೆಗೆಲ್ಲ ಬಿಸಿಗಾಳಿ ತರೋ ಕೊಳವೇಲಿ ಕೇಳಿಸ್ತಿತ್ತು, ಉಂ ಉಂ ಅಂತ. ಗಿರಣಿ ಹೋಯ್ತಲ್ಲ, ಅದಕ್ಕೆ ಅಳ್ತಿದೀಯ ಅಂದ್ಕೊಂಡೆ. ನನ್ನ ಮುಂದೆ ಅಳೋಕೆ ನಾಚಿಕೆ ಇರ್ಬೇಕು ಅಂತ ಕೇಳೋಕೂ ಹೋಗಲಿಲ್ಲ.” ಅವಳು ಕೈಗವಸಿನಿಂದ ಮೂಗು ಒರೆಸಿಕೊಂಡಳು. “ಕೊಳವೆ ಪಕ್ಕ ನೆಲದ ಮೇಲೆ ಕೂತಿರ್ತಿದ್ದೆ. ಮನೇಲಿದ್ದ ದಿನ ಎಲ್ಲ. ನೀನು ನಿಲ್ಲಿಸೋವರೆಗೂ ಏಳ್ತಿರಲಿಲ್ಲ. ಒಬ್ಬನೇ ಅಳೋದು ಬೇಡ ಅಂತ.”

ಗಸ್ ಕನ್ನಡಕ ತೆಗೆದು ಒರೆಸತೊಡಗಿದ, “ಹಿಮ” ಎಂದ. ಎಲ್ಡನ್ ಹಿಮ ತುಳಿಯುತ್ತ ಹೋಗಿ, ಲಾರಿಯ ಮೆಟ್ಟಿಲು ಹತ್ತಿ, ಕಿಟಕಿಯೊಳಗೆ ಎರಡೂ ತೋಳು ಹಾಕಿ ಅವಳನ್ನು ಹಿಡಿದುಕೊಂಡ. ಅವನ ಹುಲ್ಲಿನ ಟೋಪಿ ಹಾರಿ ಕೊಪೆಕಿಯವರ ಹೊಲದ ಕಡೆ ಹೋಯಿತು. ನಾನು ಗುಲಾಬಿ ಹಿಡಿದುಕೊಂಡು ಕೆಳಗೆ ನಿಂತಿದ್ದೆ, ಅದನ್ನು ಕೇಳುವವರೇ ಇರಲಿಲ್ಲ.

ಅವಳ ಕೈಯಿಂದ ಮೈಕು ಜಾರಿದ್ದೇ ತಡ, ಲಾರಿಯೊಳಗಿನ ರೇಡಿಯೋ ಗೊರಗೊರ ಎಂದಿತು. ಬೆವ್‌ಳ ದನಿ, ಮೂಗು ಕಟ್ಟಿದ ಹಾಗಿತ್ತು.

“ಲವೋನ್, ಇಷ್ಟೊತ್ತೂ ಮೈಕಿನ ಗುಂಡಿ ಒತ್ತಿಕೊಂಡೇ ಇದ್ದೆಯಲ್ಲೇ. ಎಲ್ಲಾ ಲಾರಿಯವರೂ ರಸ್ತೆ ಪಕ್ಕಕ್ಕೆ ನಿಲ್ಸಿ ಕೇಳಿಸ್ಕೊಂಡಿದಾರೆ. ಇನ್ನೊಂದ್ ಸಲ ಹಾಡೋದಕ್ಕೆ ಹೇಳು ಅಂತಿದಾರೆ.”

ಲವೋನ್ ಗಂಡನನ್ನು ಬಾಗಿಲಿನಿಂದ ಒಳಗೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅವನ ವೇಸ್ಟ್‌ಕೋಟು ತೆರೆದುಕೊಂಡಿದ್ದುದನ್ನು ನೋಡಿ, ಚಳಿ ಎಂದು ಬೈಯುತ್ತ, ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿದಳು. ಅವನು ಹಾಕಿಸಿಕೊಂಡ. ಆಮೇಲೆ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಹಾಡ್ರೋ ಇನ್ನೊಂದ್ ಸಲ. ನನ್ನ ಹಾಡನ್ನ ನಾನೇ ಯಾಕೆ ಹಾಡ್ಲಿ? ಈ ಸಲ ಬಾಯಿ ಮುಚ್ಕೊಂಡು ಕೇಳ್ತೀನಿ.”

ನಾನು ಪೀಪಿ ಊದಿದೆ. ಮೊದಲ ಸಾಲು ಮುಗಿಯುವವರೆಗೇನೋ ಅವಳು ಮಾತು ಉಳಿಸಿಕೊಂಡಳು.